ಬೀಗದ ಕೈಯೊಳಗೊಂದು ಬಿಲ್ಲೆ

ಬೀಗದ ಕೈ ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಆ ಮಾತಿನ ಚೆಲುವನ್ನು ಗಮನಿಸುವವರು ಮಾತ್ರ ವಿರಳ. ಬೀಗಕ್ಕೆ ಬಾಯಿಯುಂಟು, ಹೊಟ್ಟೆಯುಂಟು, ತಲೆಯ ಮೇಲೆ ಬಾಗಿದ ಕೊಂಡಿಯುಂಟು, ಇಲ್ಲದಿರುವುದು ಕೈಯೊಂದೇ. ಆ ಕೈಯನ್ನು ಮನೆಯ ಯಜಮಾನಿತಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಾಳೆ. ಬೀಗವು ಬಾಗಿಲನ್ನು ಕಾಯುತ್ತ ಮನೆಯಲ್ಲೇ ಉಳಿದರೆ ಅದರ ಕೈ ಸಂತೆಗೂ ಜಾತ್ರೆಗೂ ಹೋಗಿಬರುತ್ತದೆ. ಉತ್ತರ ಕರ್ನಾಟಕದವರು ಬೀಗವನ್ನೇ ಕೀಲಿಯೆನ್ನುತ್ತಾರೆ; ಆದರೂ ಅದನ್ನು ತೆರೆಯುವ ಸಾಧನ ಅವರಿಗೆ ಕೀಲಿಕೈ. ಹೆಸರು ಬದಲಾದರೂ ಕೈ ಬಿಟ್ಟುಹೋಗಲಿಲ್ಲ.

ನಾಗಮಂಗಲ ತಾಲ್ಲೂಕಿನ ನಮ್ಮ ಬಿಂಡಿಗನವಿಲೆಯ ಹಳೆಯ ಮನೆಗಳಲ್ಲಿ ನಾನು ಕಂಡ ಬೀಗದ ಕೈಗಳು ಗೇಣುದ್ದದವು. ನಮ್ಮೂರು ಕೇಶವಸ್ವಾಮಿಯ ಗುಡಿಗೂ ಅಲ್ಲಿಯ ಗರುಡನಿಗೂ ಹೆಸರಾದುದು. ಉತ್ಸವದ ದಿನಗಳಲ್ಲಿ ನೆಂಟರಿಷ್ಟರು ಬಂದು ಮನೆ ತುಂಬಿದಾಗ ನನ್ನ ಅಜ್ಜಿ ಉಗ್ರಾಣದ ಬೀಗದ ಕೈಯನ್ನು ಯಾರಿಗೂ ಕೊಡುತ್ತಿರಲಿಲ್ಲ. ಅದನ್ನು ಬೀಗದೊಳಗಿಟ್ಟು ತಿರುಗಿಸಿದಾಗ ಒಳಗಿನ ನಾಲಗೆ ಸರಿಯುವ ಸದ್ದು ನಡುಮನೆಯವರೆಗೂ ಕೇಳುತ್ತಿತ್ತು. ಹಲ್ಲು ಸವೆದರೆ ಕಮ್ಮಾರನ ಕುಲುಮೆಯಿತ್ತು. ತುಕ್ಕು ಹಿಡಿದರೆ ಎರಡು ತೊಟ್ಟು ಹರಳೆಣ್ಣೆಯಿತ್ತು. ಕೆಟ್ಟದ್ದೇಕೆಂಬುದು ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಸರಿಪಡಿಸುವ ಬಗೆಯೂ ಕೈಗೆ ತಿಳಿಯುತ್ತಿತ್ತು.

ಈಗ ನಮ್ಮ ಮನೆಗೆ ಬಂದಿರುವ ಬೀಗದ ಕೈ ಬೇರೆಯ ಜಾತಿಯದು. ಅಣ್ಣನ ಮಗನು ಕೊಂಡ ಕಾರಿನ ಜೊತೆಗೆ ಅದು ಬಂದಿತು. ಹೊಳೆಯಲ್ಲಿ ಉರುಳಿ ನುಣುಪಾದ ಕರಿಯ ಕಲ್ಲಿನಂತೆ ಅಂಗೈಯಲ್ಲಿ ಅಡಗುತ್ತದೆ. ಹಲ್ಲುಗಳಿಲ್ಲ, ಉದ್ದವಿಲ್ಲ, ಮೇಲೆ ಎರಡು ಮೂರು ಗುಂಡಿಗಳು ಮಾತ್ರ. ಒಂದು ಗುಂಡಿಯನ್ನು ಒತ್ತಿದರೆ ಹತ್ತು ಮಾರು ದೂರದಲ್ಲಿರುವ ಕಾರು ಕಣ್ಣು ಮಿಟುಕಿಸಿ ಬಾಗಿಲಿನ ಅಗುಳಿಯನ್ನು ಸಡಿಲಿಸುತ್ತದೆ. ಇಂತಹ ಏರ್ಪಾಟನ್ನು ಹೊಂದಿದ ಮೊದಲ ಕಾರುಗಳಲ್ಲಿ ಒಂದು ಫ್ರಾನ್ಸಿನ ರೆನೋ ಕಂಪನಿಯ ಫ್ಯೂಗೋ. ಅದರಲ್ಲಿ ಇದು ಬಂದದ್ದು 1982ರಲ್ಲಿ. ಅಂದು ಶ್ರೀಮಂತರ ಬೆರಗಾಗಿದ್ದ ಈ ಸೌಕರ್ಯ ಇಂದು ನಮ್ಮೂರಿನ ತೆಂಗಿನ ತೋಟದ ನೆರಳಿನಲ್ಲಿ ನಿಂತ ಸಾಧಾರಣ ಕಾರಿಗೂ ಬಂದಿದೆ.

ಗುಂಡಿಯನ್ನು ಒತ್ತಿದಾಗ ನಡೆಯುವುದೇನು? ಒಳಗಿನ ಪುಟ್ಟ ಯಂತ್ರ ಎಚ್ಚರಗೊಂಡು ರೇಡಿಯೋ ಅಲೆಗಳ ಮೂಲಕ ಒಂದು ಗುಪ್ತಸಂಖ್ಯೆಯನ್ನು ಕಳುಹಿಸುತ್ತದೆ. ಕಾರಿನೊಳಗಿನ ಯಂತ್ರ ಅದನ್ನು ಕೇಳಿ, ತನ್ನ ಲೆಕ್ಕಕ್ಕೆ ಸರಿಹೊಂದಿದರೆ ಮಾತ್ರ ಬಾಗಿಲನ್ನು ತೆರೆಯುತ್ತದೆ. ಆ ಸಂಖ್ಯೆ ಪ್ರತಿ ಸಲವೂ ಬದಲಾಗುತ್ತದೆ. ನಿನ್ನೆಯ ಸಂಖ್ಯೆಯನ್ನು ಕಳ್ಳನೊಬ್ಬ ಮರೆಯಲ್ಲಿ ನಿಂತು ಹಿಡಿದಿಟ್ಟುಕೊಂಡರೂ ಇಂದು ಅದರಿಂದ ಪ್ರಯೋಜನವಿಲ್ಲ. ಇಷ್ಟೆಲ್ಲ ಜಾಣತನಕ್ಕೆ ಬೇಕಾದ ಶಕ್ತಿಯನ್ನು ಕೊಡುವುದು ಒಳಗೆ ಕುಳಿತಿರುವ, ನಾಣ್ಯದಂತಹ ಒಂದು ಬಿಲ್ಲೆ. ಅದು ಎರಡು ಮೂರು ವರ್ಷಗಳ ಕಾಲ ಮೌನವಾಗಿ ದುಡಿದು ಒಂದು ದಿನ ಸುಮ್ಮನಾಗುತ್ತದೆ. ಸುಮ್ಮನಾಗುವುದಕ್ಕೆ ಮುನ್ನ ಸೂಚನೆ ಕೊಡದೆ ಇರುವುದಿಲ್ಲ: ಹತ್ತು ಮಾರು ದೂರದಿಂದ ತೆರೆಯುತ್ತಿದ್ದ ಬಾಗಿಲು ಐದು ಮಾರಿಗೆ, ಆಮೇಲೆ ಎರಡು ಮಾರಿಗೆ ಇಳಿಯುತ್ತದೆ. ಆದರೆ ಅಂತಹ ಸೂಚನೆಗಳನ್ನು ಗಮನಿಸುವ ವ್ಯವಧಾನ ಯಾರಿಗಿದೆ?

ನಮ್ಮ ಮನೆಯ ಬಿಲ್ಲೆ ಸುಮ್ಮನಾದದ್ದು ಮಾಗಿಯ ಒಂದು ಬೆಳಗಿನ ಜಾವ. ಹಿಂದಿನ ರಾತ್ರಿಯಿಂದಲೇ ಅತ್ತಿಗೆಗೆ ಉಬ್ಬಸ ಹೆಚ್ಚಾಗಿತ್ತು. ಬೆಳಗಾಗುವವರೆಗೆ ಕಾಯುವುದು ಬೇಡ, ಬೆಳ್ಳೂರಿನ ಕಡೆಯ ಆಸ್ಪತ್ರೆಗೆ ಕರೆದೊಯ್ಯೋಣವೆಂದು ನಿಶ್ಚಯಿಸಿ ಅವರನ್ನು ಕಂಬಳಿ ಹೊದಿಸಿ ಜಗಲಿಗೆ ಕರೆತಂದೆವು. ಮಗನು ಗುಂಡಿಯನ್ನು ಒತ್ತಿದನು. ಕಾರು ಕಣ್ಣು ತೆರೆಯಲಿಲ್ಲ. ಮತ್ತೆ ಒತ್ತಿದನು; ಹತ್ತಿರ ಹೋಗಿ ಒತ್ತಿದನು; ಬೀಗದ ಕೈಯನ್ನು ಅಂಗೈಗೆ ಬಡಿದು ಒತ್ತಿದನು. ಸದ್ದು ಕೇಳಿ ಎದ್ದುಬಂದ ನೆರೆಮನೆಯವರು, "ಶೆಲ್ಲು ಇಳಿದಿರಬೇಕು. ತೆಗೆದು ಬಿಸಿಲಿಗೆ ಇಡಿ, ಚೇತರಿಸ್ಕೊತದೆ" ಎಂದರು. ಬ್ಯಾಟರಿ ದೀಪದ ಶೆಲ್ಲುಗಳನ್ನು ಜಗಲಿಯ ಬಿಸಿಲಿನಲ್ಲಿ ಸಾಲಾಗಿ ಒಣಗಿಸಿದ ಅನುಭವ ಅವರದು. ಅದರಲ್ಲಿ ಸ್ವಲ್ಪ ನಿಜವೂ ಉಂಟು. ಆದರೆ ಸೂರ್ಯೋದಯಕ್ಕೆ ಇನ್ನೂ ಎರಡು ಗಂಟೆಯಿತ್ತು.

ಆಗ ಉಸಿರಿಗಾಗಿ ಹೋರಾಡುತ್ತಿದ್ದ ಅತ್ತಿಗೆಯೇ ತಡೆತಡೆದು ಕೇಳಿದರು: "ಬೀಗದ ಕೈ ಅಂದ ಮೇಲೆ ಅದಕ್ಕೊಂದು ಕೈ ಇರಬೇಕಲ್ಲಪ್ಪ, ಅದೆಲ್ಲಿ?"

ಮಗನಿಗೆ ಥಟ್ಟನೆ ನೆನಪಾಯಿತು. ಆ ಕರಿಯ ಗೂಡಿನ ಪಕ್ಕದಲ್ಲಿ ಒಂದು ಚಿಕ್ಕ ಕೊಕ್ಕೆಯಿತ್ತು. ಅದನ್ನು ಸರಿಸಿ ಎಳೆದಾಗ ಬೆರಳುದ್ದದ ಉಕ್ಕಿನ ಕೈಯೊಂದು ಒರೆಯಿಂದ ಚೂರಿಯಂತೆ ಹೊರಬಂದಿತು. ಇಂತಹ ಬಹುತೇಕ ಬೀಗದ ಕೈಗಳಲ್ಲಿ ತಯಾರಕರು ಹಳೆಯ ಕಾಲದ ಕೈಯೊಂದನ್ನು ಅಡಗಿಸಿಟ್ಟಿರುತ್ತಾರೆ. ಚಾಲಕನ ಬಾಗಿಲಿನ ಹಿಡಿಯ ಬಳಿಯಿದ್ದ ಕಿಂಡಿಗೆ ಅದನ್ನು ಹಾಕಿ ತಿರುಗಿಸಿದಾಗ ಬಾಗಿಲು ತೆರೆಯಿತು. ಒಡನೆಯೇ ಕಾರು ಬೀದಿಯೆಲ್ಲ ಎಚ್ಚರಗೊಳ್ಳುವಂತೆ ಅರಚಿಕೊಳ್ಳಲು ತೊಡಗಿತು. ಗುಪ್ತಸಂಖ್ಯೆಯನ್ನು ಹೇಳದೆ ಒಳಹೊಕ್ಕವನು ಅದರ ದೃಷ್ಟಿಯಲ್ಲಿ ಕಳ್ಳನೇ. ಕಾರಿನೊಳಗಿದ್ದ ಕೈಪಿಡಿಯನ್ನು ತೆಗೆದು ನಾನು ದೀಪದ ಬೆಳಕಿನಲ್ಲಿ ಪುಟ ತಿರುವಿದೆ. ಬಿಲ್ಲೆ ಸತ್ತಾಗ ಬೀಗದ ಕೈಯನ್ನೇ ಎಂಜಿನ್ನಿನ ಗುಂಡಿಗೆ ತಾಗಿಸಿ ಒತ್ತಬೇಕೆಂದು ಅಲ್ಲಿ ಒಂದು ಚಿತ್ರವಿತ್ತು. ಹಾಗೆಯೇ ಮಾಡಿದನು. ಅರಚಾಟ ನಿಂತಿತು, ಎಂಜಿನ್ನು ಗುರುಗುಟ್ಟಿತು. ಅತ್ತಿಗೆ ಆಸ್ಪತ್ರೆಯಲ್ಲಿ ಒಂದು ದಿನವಿದ್ದು ಚೇತರಿಸಿಕೊಂಡು ಮರಳಿದರು.

ಬಿಲ್ಲೆ ಸತ್ತಿದ್ದರೂ ಕಾರು ಒಡೆಯನನ್ನು ಗುರುತಿಸಿದ್ದು ಹೇಗೆಂಬ ಪ್ರಶ್ನೆ ಅಂದು ನನ್ನನ್ನು ಬಹಳ ಹೊತ್ತು ಕಾಡಿತು. ಬೀಗದ ಕೈಯೊಳಗೆ ಎರಡನೆಯದೊಂದು ಗುರುತಿನ ಚೀಟಿಯಿರುತ್ತದೆ. ಅದಕ್ಕೆ ಬಿಲ್ಲೆಯ ಹಂಗಿಲ್ಲ. ಕಾರಿನ ಗುಂಡಿಯ ಹಿಂದೆ ತಾಮ್ರದ ತಂತಿಯ ಸುರುಳಿಯೊಂದುಂಟು. ಬೀಗದ ಕೈಯನ್ನು ತೀರ ಹತ್ತಿರ ಹಿಡಿದಾಗ ಆ ಸುರುಳಿಯ ಕಾಂತಶಕ್ತಿಯಿಂದಲೇ ಚೀಟಿಗೆ ಕ್ಷಣಮಾತ್ರ ಜೀವ ಬರುತ್ತದೆ. ಅದು ತನ್ನ ಹೆಸರನ್ನು ಹೇಳಿ ಮತ್ತೆ ನಿದ್ರಿಸುತ್ತದೆ. ಹಸಿದವನ ಬಾಯಿಂದ ಮಾತು ಹೊರಡಿಸಲು ಮನೆಯವರೇ ಒಂದು ತುತ್ತು ಉಣ್ಣಿಸಿದಂತೆ.

ಮರುದಿನ ಮಗನು ನಗರದ ಒಂದು ಸರ್ವೀಸ್ ಕೇಂದ್ರಕ್ಕೆ ಫೋನು ಮಾಡಿ ವಿಚಾರಿಸಿದನು. ಕಾರನ್ನೂ ಎರಡು ಬೀಗದ ಕೈಗಳನ್ನೂ ತರಬೇಕು, ಅರ್ಧ ದಿನ ಹಿಡಿಯುತ್ತದೆ ಎಂದು ಅತ್ತ ಕಡೆಯವರು ಹೇಳಿದರಂತೆ. ಅವರು ಹೇಳಿದ ಕೂಲಿಯ ಮೊತ್ತವನ್ನು ಇಲ್ಲಿ ಬರೆಯುವುದು ಬೇಡ. ಬಿಲ್ಲೆಯ ಬೆಲೆಯೋ ಒಂದೆರಡು ಎಳನೀರಿನ ಬೆಲೆಯಷ್ಟು. ಪಂಪ್‌ಸೆಟ್ಟನ್ನು ಬಿಚ್ಚಿ ಜೋಡಿಸಬಲ್ಲ, ಟ್ರಾಕ್ಟರಿನ ಹೊಟ್ಟೆಯೊಳಗೆ ಕೈಹಾಕಬಲ್ಲ ಹುಡುಗ ಅಂಗೈಯಗಲದ ಈ ಗೂಡಿನ ಮುಂದೆ ಮಾತ್ರ ಅಂಜಿ ಕುಳಿತಿದ್ದ. ತಿರುಪು ಕಾಣದ, ಹೊರಗಿನಿಂದ ಒಂದೇ ತುಂಡಿನಂತೆ ತೋರುವ ವಸ್ತುವಿಗೆ ಅಂತಹದೊಂದು ದರ್ಪವಿರುತ್ತದೆ. ನನ್ನನ್ನು ಮುಟ್ಟಬೇಡ ಎನ್ನುತ್ತದೆ. ಕೈಪಿಡಿಯಲ್ಲಿ ಮಾತ್ರ ಎಲ್ಲವೂ ಚಿತ್ರಸಹಿತ ಬರೆದಿತ್ತು. ಆದ್ದರಿಂದ ಮನೆಯಲ್ಲೇ ಮಾಡಿನೋಡೋಣವೆಂದು ನಿಶ್ಚಯಿಸಿದೆವು.

ಹೊಸ ಬಿಲ್ಲೆ ನಾಗಮಂಗಲದ ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಮೊದಲು ಕೇಳಿದ್ದು, "ನಂಬರೆಷ್ಟು?" ಎಂದು. ನಮ್ಮದು ಸಿಆರ್ 2032. ಇದೊಂದು ಬಿಡಿಸಿದರೆ ಸುಲಭವಾದ ಒಗಟು. ಸಿ ಎಂದರೆ ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡುಗಳ ಜೋಡಿ. ಆರ್ ಎಂದರೆ ದುಂಡು. 20 ಎಂದರೆ ಅಡ್ಡಳತೆ 20 ಮಿಲಿಮೀಟರು. 32 ಎಂದರೆ ದಪ್ಪ 3.2 ಮಿಲಿಮೀಟರು. ಸಿಆರ್ 2025 ಎಂಬ ತಮ್ಮನೂ ಇದ್ದಾನೆ. ಅಗಲದಲ್ಲಿ ಅಣ್ಣನಂತೆಯೇ, ದಪ್ಪದಲ್ಲಿ ಮಾತ್ರ 2.5 ಮಿಲಿಮೀಟರು. ಒಬ್ಬನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರೆ ಸಡಿಲವಾಗಿ, ಒಮ್ಮೆ ತಾಗಿ ಒಮ್ಮೆ ತಾಗದೆ ಸತಾಯಿಸುತ್ತಾನೆ. ಹೊಸ ಬಿಲ್ಲೆಯ ಹೊದಿಕೆಯನ್ನು ಕೈಯಿಂದ ಹರಿಯಲಾಗದೆ ಮಗನು ಕತ್ತರಿಯನ್ನೇ ತರಬೇಕಾಯಿತು. "ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಬಂದೋಬಸ್ತೇಕೆ, ಚಿಕ್ಕಪ್ಪ?" ಎಂದು ಗೊಣಗಿದನು. ಅದರ ಕಾರಣ ಮುಂದೆ ಬರುತ್ತದೆ.

ಕೆಲಸ ಹಿಡಿದದ್ದು ಐದು ನಿಮಿಷ. ಉಕ್ಕಿನ ಕೈಯನ್ನು ಎಳೆದ ಮೇಲೆ ಅದರ ಬುಡದಲ್ಲಿ ಉಗುರು ಹೊಗುವಷ್ಟು ಸಂದು ಕಂಡಿತು. ತೆಂಗಿನಕಾಯಿ ಸುಲಿಯುವವನು ಬಲದಿಂದ ಸುಲಿಯುವುದಿಲ್ಲ. ನಾರು ಎಲ್ಲಿ ಬಾಯಿ ಬಿಡುತ್ತದೆಂದು ನೋಡಿ ಅಲ್ಲಿ ಮೊನೆಯನ್ನು ಹೊಗಿಸುತ್ತಾನೆ. ಇಲ್ಲಿಯೂ ಅದೇ ನ್ಯಾಯ. ಚಪ್ಪಟೆ ತುದಿಯ ಸಣ್ಣ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಸಂದಿನಲ್ಲಿಟ್ಟು ಮೆಲ್ಲನೆ ಹೊರಳಿಸಿದಾಗ ಗೂಡು ಅವರೆಕಾಯಿಯ ಸಿಪ್ಪೆಯಂತೆ ಎರಡಾಗಿ ಬಿಚ್ಚಿತು. ಒಳಗೆ ಹಸಿರು ಹಲಗೆ, ಅದರ ಮೇಲೆ ರಾಗಿಕಾಳಿನಂತಹ ಬಿಡಿಭಾಗಗಳು, ನೀರು ಸೋಕದಂತೆ ತಡೆಯುವ ರಬ್ಬರಿನ ಅಂಚು. ನಡುವೆ ಲೋಹದ ನಾಲಗೆಯ ಕೆಳಗೆ ಬಿಲ್ಲೆ.

ತೆಗೆಯುವ ಮೊದಲು ಅದು ಯಾವ ಮಗ್ಗುಲಾಗಿ ಮಲಗಿದೆಯೆಂದು ನೋಡಿಕೊಳ್ಳಬೇಕು. ಕೂಡುವ ಗುರುತು ಕೊರೆದಿರುವ ಅಗಲವಾದ ಮುಖ ಧನ, ಇನ್ನೊಂದು ಋಣ. ಕೆಲವು ಗೂಡುಗಳಲ್ಲಿ ಧನ ಮೇಲಿರುತ್ತದೆ, ಕೆಲವದರಲ್ಲಿ ಕೆಳಗಿರುತ್ತದೆ. ನಮ್ಮದು ಕೆಳಮುಖವಾಗಿತ್ತು. ಮಗನು ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡನು. ಆ ಎಚ್ಚರಿಕೆಯನ್ನು ಕಂಡು ನನ್ನೊಳಗಿನ ಮೇಷ್ಟರಿಗೆ ಸಂತೋಷವಾಯಿತು. ಹಳೆಯದನ್ನು ಬಿದಿರುಕಡ್ಡಿಯಿಂದ ಎಬ್ಬಿಸಿದೆವು, ಲೋಹದಿಂದಲ್ಲ. ಲೋಹವು ಎರಡೂ ಮುಖಗಳನ್ನು ಒಮ್ಮೆಗೇ ಮುಟ್ಟಿದರೆ ಇರುವ ಶಕ್ತಿಯೆಲ್ಲ ಸುಮ್ಮನೆ ಹರಿದುಹೋಗುತ್ತದೆ. ಹೊಸದನ್ನು ಅಂಚಿನಲ್ಲಿ ಹಿಡಿದು, ಬೆರಳಿನ ಬೆವರು ಮುಖಗಳಿಗೆ ತಾಗದಂತೆ ಕೂರಿಸಿದನು. ರಬ್ಬರಿನ ಅಂಚು ಸರಿಯಾಗಿದೆಯೇ ಎಂದು ನೋಡಿ ಎರಡು ಹೋಳುಗಳನ್ನೂ ಕೂಡಿಸಿ ಅದುಮಿದಾಗ ಟಕ್ಕೆಂದು ಸದ್ದಾಯಿತು. ಜಗಲಿಯಿಂದಲೇ ಗುಂಡಿಯನ್ನು ಒತ್ತಿದನು. ಅಂಗಳದಾಚೆಯ ಕಾರು ಕಣ್ಣು ಮಿಟುಕಿಸಿತು. ಟ್ರಾಕ್ಟರು ಕೊಂಡ ದಿನವೂ ಅವನ ಮುಖದಲ್ಲಿ ಅಷ್ಟು ಹಿಗ್ಗನ್ನು ನಾನು ಕಂಡಿರಲಿಲ್ಲ.

ಹೊರಗೆ ಬಂದ ಹಳೆಯ ಬಿಲ್ಲೆಯನ್ನು ನಾನು ಅಂಗೈಯಲ್ಲಿಟ್ಟು ನೋಡುತ್ತ ಕುಳಿತೆ. ಅದರ ತೂಕ ಸುಮಾರು 3 ಗ್ರಾಂ. ಇಟಲಿಯ ವೋಲ್ಟಾ ಎಂಬ ವಿಜ್ಞಾನಿ 1800ರಲ್ಲಿ ಜಗತ್ತಿಗೆ ತೋರಿಸಿದ ಮೊದಲ ವಿದ್ಯುತ್ಕೋಶವೂ ಬಿಲ್ಲೆಗಳದೇ ಆಗಿತ್ತು. ಸತುವಿನದೊಂದು, ಬೆಳ್ಳಿಯದೊಂದು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು, ಹೀಗೆ ಒಂದರ ಮೇಲೊಂದು ಪೇರಿಸಿದ ಕಂಬವದು. ನಮ್ಮ ಬಿಲ್ಲೆಯೊಳಗೂ ತತ್ತ್ವ ಅದೇ: ಎಲೆಕ್ಟ್ರಾನನ್ನು ಕೊಡಲು ಕಾತರಿಸುವ ಒಂದು ವಸ್ತು, ಪಡೆಯಲು ಸಿದ್ಧವಾದ ಇನ್ನೊಂದು, ನಡುವೆ ನೆನೆದ ಪರದೆ. ಕೊಡುವುದರಲ್ಲಿ ಲಿಥಿಯಂ ಕರ್ಣನಂತಹದು. ಆದ್ದರಿಂದಲೇ 1.5 ವೋಲ್ಟಿನ ಎರಡು ದೀಪದ ಶೆಲ್ಲುಗಳು ಸೇರಿ ಕೊಡುವ 3 ವೋಲ್ಟನ್ನು ಈ ಬಿಲ್ಲೆ ಒಂಟಿಯಾಗಿ ಕೊಡುತ್ತದೆ. ಒಮ್ಮೆ ಕೊಟ್ಟು ಮುಗಿದರೆ ಮುಗಿಯಿತು. ಮೊಬೈಲಿನ ಬ್ಯಾಟರಿಯಂತೆ ಇದನ್ನು ಮತ್ತೆ ತುಂಬಿಸಲಾಗದು, ತುಂಬಿಸಲು ಹೋದರೆ ಅಪಾಯ.

ಈ ಲಿಥಿಯಂ ಲೋಹಗಳಲ್ಲೆಲ್ಲ ಹಗುರವಾದುದು. ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಎಂಬ ರಸಾಯನಜ್ಞ 1817ರಲ್ಲಿ ಒಂದು ಖನಿಜದಲ್ಲಿ ಇದನ್ನು ಕಂಡುಹಿಡಿದನು. ಕಲ್ಲಿನಲ್ಲಿ ಸಿಕ್ಕಿದ್ದರಿಂದ ಕಲ್ಲೆಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರಾಯಿತು. ನಮ್ಮ ಬಿಲ್ಲೆಯ ಹೊದಿಕೆಯ ಮೇಲೆ ಇಂಡೋನೇಷ್ಯಾದಲ್ಲಿ ತಯಾರಾದುದೆಂದು ಅಚ್ಚಾಗಿತ್ತು. ಸಮುದ್ರ ದಾಟಿ ಬಂದ ಈ ಲೋಹದ ಬಂಧುಗಳು ನಮ್ಮ ಕಾಲಡಿಯ ಬಂಡೆಗಳಲ್ಲೂ ಇವೆಯೆಂದರೆ ನೀವು ನಂಬುವಿರಾ? ಭೂವಿಜ್ಞಾನಿಗಳು ನಾಗಮಂಗಲ ಶಿಸ್ಟ್ ಪಟ್ಟಿಯೆಂದು ಕರೆಯುವ ಪುರಾತನ ಶಿಲೆಗಳ ಸಾಲೊಂದು ನಮ್ಮ ಸೀಮೆಯಲ್ಲುಂಟು. ಅದಕ್ಕೆ ಸೇರಿದ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್ ಎಂಬ ಶಿಲೆಗಳಲ್ಲಿ ಪರಮಾಣು ಖನಿಜ ನಿರ್ದೇಶನಾಲಯದವರು ಲಿಥಿಯಂ ಇರುವುದನ್ನು ಗುರುತಿಸಿದರು. 2020ರಲ್ಲಿ ಪತ್ರಿಕೆಗಳು 14,100 ಟನ್ ಎಂದು ಬರೆದವು. 2021ರಲ್ಲಿ ಸರ್ಕಾರ ಸಂಸತ್ತಿನಲ್ಲಿ ಹೇಳಿದ ಅಂದಾಜು 1,600 ಟನ್. ಎರಡಂಕಿಗಳ ನಡುವಣ ಅಂತರವೇ ಉತ್ಸಾಹಕ್ಕೂ ಅಳತೆಗೂ ಇರುವ ಅಂತರ.

1,600 ಟನ್ ದೊಡ್ಡದೋ ಚಿಕ್ಕದೋ? ಲೆಕ್ಕ ಹಾಕಿ ನೋಡಿ. ನಮ್ಮ ಬಿಲ್ಲೆಯೊಳಗಿನ ಲಿಥಿಯಂ ಸುಮಾರು 0.1 ಗ್ರಾಂ. ಒಂದು ಟನ್ ಲಿಥಿಯಂ ಒಂದು ಕೋಟಿ ಬಿಲ್ಲೆಗಳಿಗೆ ಸಾಕು. ಆದರೆ ವಿದ್ಯುತ್ತಿನಿಂದ ಓಡುವ ಒಂದೊಂದು ಕಾರಿಗೂ ಹಲವು ಕಿಲೋ ಬೇಕು. ಆ ಲೆಕ್ಕದಲ್ಲಿ ಇದು ಬಲು ಸಣ್ಣ ನಿಧಿ. ಅದೂ ಬಂಡೆಯೊಳಗಿನ ಅಂದಾಜು. ಅಗೆದು, ಅರೆದು, ಬೇರ್ಪಡಿಸಿದಾಗ ಕೈಗೆ ಬರುವುದು ಅದಕ್ಕಿಂತ ಕಡಿಮೆಯೇ. ಇಷ್ಟಾದರೂ ನಮ್ಮ ಹೊಲದ ಬದುವಿನ ಕಲ್ಲನ್ನು ನೋಡುವ ನನ್ನ ದೃಷ್ಟಿ ಆಮೇಲೆ ಬದಲಾಯಿತೆನ್ನದೆ ಇರಲಾರೆ.

ಹೀಗೆ ನಾನು ವೋಲ್ಟಾ, ಕರ್ಣ ಎಂದು ಮಗನಿಗೆ ವಿವರಿಸುತ್ತಿದ್ದಾಗ ಬಿಲ್ಲೆ ಅವನ ಕೈಗೆ ಹೋಗಿ, ಅಲ್ಲಿಂದ ಜಗಲಿಯ ಅಂಚಿಗೆ ಬಂದಿತ್ತು. ಅವನ ಒಂದೂವರೆ ವರ್ಷದ ಮಗಳು ಕಂಬ ಹಿಡಿದು ನಿಂತು ಆ ಹೊಳಪನ್ನೇ ನೋಡುತ್ತಿದ್ದಳು. ಪುಟ್ಟ ಕೈ ಅದರತ್ತ ಚಾಚಿತು. ಅತ್ತಿಗೆ ಮಂಚದಿಂದ ಎದ್ದು ಬಂದ ವೇಗವನ್ನು ನೋಡಿದ್ದರೆ ಎರಡು ದಿನದ ಹಿಂದೆ ಅವರಿಗೆ ಉಬ್ಬಸವಿತ್ತೆಂದು ಯಾರೂ ನಂಬುತ್ತಿರಲಿಲ್ಲ. ಬಿಲ್ಲೆಯನ್ನು ಕಿತ್ತುಕೊಂಡು, "ಸತ್ತದ್ದಾದರೂ ಹಾವು ಹಾವೇ" ಎಂದರು.

ಅವರು ಲೋಕಾನುಭವದಿಂದ ಆಡಿದ ಮಾತಿಗೆ ವೈದ್ಯಶಾಸ್ತ್ರದ ಆಧಾರವುಂಟು. ಸತ್ತಿತೆಂದು ನಾವು ತೆಗೆದ ಬಿಲ್ಲೆ ನಿಜವಾಗಿ ಸತ್ತಿರುವುದಿಲ್ಲ. ರೇಡಿಯೋ ಅಲೆಯನ್ನು ದೂರಕ್ಕೆ ಕಳುಹಿಸುವ ಕಸುವು ಮಾತ್ರ ಅದಕ್ಕಿರುವುದಿಲ್ಲ. ಮಗುವೊಂದು ಅದನ್ನು ನುಂಗಿದರೆ 20 ಮಿಲಿಮೀಟರಿನ ಆ ಅಗಲವು ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಯ ತೇವವೇ ತಂತಿಯಾಗಿ ವಿದ್ಯುತ್ತು ಹರಿಯುತ್ತದೆ. ಹರಿದಲ್ಲಿ ಸುಡುವ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಗಳಲ್ಲಿ ಅನ್ನನಾಳ ತೀವ್ರವಾಗಿ ಸುಟ್ಟುಹೋಗಬಹುದು. ಮಗುವಿಗೆ ಮಾತು ಬಾರದು. ಕೆಮ್ಮು, ಜೊಲ್ಲು, ಊಟ ಬೇಡವೆನ್ನುವುದು ಇಷ್ಟೇ ಹೊರಗೆ ಕಾಣುವುದು, ನೋಡುವವರು ಶೀತವೆಂದುಕೊಳ್ಳುತ್ತಾರೆ. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸುವ ಪ್ರಯತ್ನಕ್ಕೆ ಹೋಗದೆ ಆ ಕ್ಷಣವೇ ಕ್ಷಕಿರಣ ಪರೀಕ್ಷೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂಗಿಗೆ, ಕಿವಿಗೆ ತುರುಕಿಕೊಂಡರೂ ಅಪಾಯ ಹೀಗೆಯೇ. ಮಕ್ಕಳು ಪ್ರಾಣ ಕಳೆದುಕೊಂಡ ಪ್ರಸಂಗಗಳು ನಡೆದ ಮೇಲೆ ಆಸ್ಟ್ರೇಲಿಯಾ ಮತ್ತು ಅಮೆರಿಕ ದೇಶಗಳು 2022ರಲ್ಲಿ ಇದಕ್ಕಾಗಿಯೇ ಕಟ್ಟುನಿಟ್ಟಾದ ಕಾನೂನುಗಳನ್ನು ತಂದವು. ಕೆಲವು ತಯಾರಕರು ಬಿಲ್ಲೆಗೆ ಕಹಿಯನ್ನೇ ಲೇಪಿಸುತ್ತಾರೆ. ಕತ್ತರಿಗೂ ಸುಲಭವಾಗಿ ಮಣಿಯದ ಆ ಹೊದಿಕೆಯ ಬಂದೋಬಸ್ತು ಏಕೆಂಬುದು ಮಗನಿಗೆ ಆಗ ಅರ್ಥವಾಯಿತು. ಅವನು ಮಗಳನ್ನು ಎತ್ತಿಕೊಂಡು ಬಹಳ ಹೊತ್ತು ಕೆಳಗಿಳಿಸಲಿಲ್ಲ.

ಹಳೆಯ ಬಿಲ್ಲೆಯ ಎರಡೂ ಮುಖಗಳಿಗೆ ಅಂಟುಪಟ್ಟಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟೆವು. ತಿಪ್ಪೆಗೆ ಎಸೆಯುವ ಹಾಗಿಲ್ಲ, ಒಲೆಗಂತೂ ಹಾಕಲೇಬಾರದು. ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ನಮ್ಮ ದೇಶದ 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಆ ಹೊಣೆ ಬಿಂಡಿಗನವಿಲೆಯ ಬೀದಿಯವರೆಗೆ ನಡೆದುಬರುವ ತನಕ ಡಬ್ಬಿಯನ್ನು ನಾವೇ ಮೈಸೂರಿಗೋ ಬೆಂಗಳೂರಿಗೋ ಹೋದಾಗ ಒಯ್ಯಬೇಕು.

ಸುದ್ದಿ ಊರಿನಲ್ಲಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಹಾಲಿನ ವ್ಯಾನಿನವರು ಬಂದರು. ಬಿಸಿಲಿಗಿಡಿ ಎಂದಿದ್ದ ನೆರೆಮನೆಯವರು ಅಳಿಯನ ಕಾರಿನ ಬೀಗದ ಕೈಯನ್ನು ಹಿಡಿದು, "ಇದ್ಕೂ ಒಂದು ಹಾಕ್ಕೊಡಪ್ಪ" ಎಂದು ನಗುತ್ತ ಬಂದರು. ಮಗನು ಯಾರಿಗೂ ತಾನೇ ಹಾಕಿಕೊಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಬಟ್ಟೆ ಸುತ್ತಿದ ಸ್ಕ್ರೂಡ್ರೈವರನ್ನು ಅವರ ಕೈಗೇ ಕೊಟ್ಟು ತೆಗೆಸಿದನು. ಈಗ ಬೀದಿಯ ಕೊನೆಯ ಚಿಲ್ಲರೆ ಅಂಗಡಿಯಲ್ಲಿಯೂ ಬಿಲ್ಲೆಗಳು ಸಿಗುತ್ತವೆ. ಅಂಗಡಿಯವರು ಅವನ್ನು ಮೊದಲು ಪೆಪ್ಪರಮಿಂಟಿನ ಜಾಡಿಗಳ ಪಕ್ಕದಲ್ಲಿ, ಹುಡುಗರ ಕಣ್ಣಿನ ಮಟ್ಟಕ್ಕೆ ತೂಗುಹಾಕಿದ್ದರು. ಅತ್ತಿಗೆ ಸಕ್ಕರೆ ತರಲು ಹೋದವರು ಒಂದು ಗಂಟೆಯಾದರೂ ಮರಳಲಿಲ್ಲ. ಆ ಹೊತ್ತಿಗೆ ಬಿಲ್ಲೆಗಳು ಸೀಗೆಪುಡಿಯ ಪೊಟ್ಟಣಗಳ ಹಿಂದೆ, ಏಣಿಯಿಲ್ಲದೆ ಎಟುಕದ ಮೇಲಿನ ಹಲಗೆಯನ್ನು ಸೇರಿದ್ದವು.